ಟೊಮೆಟೊ ಗೊಜ್ಜು ಬಿಸಿಲಿಗೆ ಕೊಡೆಯಾದೀತೇ?

ಬೇಸಿಗೆ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಿಸಿಲು ಮತ್ತು ಚರ್ಮದ ವಿಷಯವೇ ಹೆಚ್ಚು. ಈ ಬಾರಿ ಬಂದವುಗಳಲ್ಲಿ ಊಟಕ್ಕೂ ಬಿಸಿಲಿಗೂ ಇರುವ ನಂಟನ್ನು ಕುರಿತು ಕೇಳಿದ ಐದನ್ನು ಮಾತ್ರ ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಎಂದಿನಂತೆ ಕೈಬಿಡಲಾಗಿದೆ.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಶಾಲಾ ಶಿಕ್ಷಕಿ. ದಿನವೂ ಹನ್ನೆರಡು ಕಿಲೋಮೀಟರ್ ಸ್ಕೂಟರಿನಲ್ಲಿ ಓಡಾಡುತ್ತೇನೆ. ಫೆಬ್ರುವರಿ ಕಳೆದರೆ ಸಾಕು, ಮೊಣಕೈಯಿಂದ ಕೆಳಗೆ ಮತ್ತು ಕತ್ತಿನ ಹಿಂಭಾಗದಲ್ಲಿ ಚರ್ಮ ಉರಿಯತೊಡಗಿ, ನಾಲ್ಕಾರು ದಿನಗಳಲ್ಲಿ ಕಪ್ಪಾಗಿ ಸಿಪ್ಪೆ ಏಳುತ್ತದೆ. ದಿನಾ ಟೊಮೆಟೊ, ಕ್ಯಾರೆಟ್ ತಿಂದರೆ ‘ಒಳಗಿನ ಸನ್‌ಸ್ಕ್ರೀನ್’ ತಯಾರಾಗುತ್ತದೆ ಎಂಬ ಸಂದೇಶ ನಮ್ಮ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿತ್ತು. ಎರಡು ವಾರದಿಂದ ಬೆಳಿಗ್ಗೆ ಒಂದು ಲೋಟ ಕ್ಯಾರೆಟ್ ರಸ ಕುಡಿಯುತ್ತಿದ್ದೇನೆ. ಏನೂ ವ್ಯತ್ಯಾಸ ಕಂಡಿಲ್ಲ. ಈ ಮಾತಿನಲ್ಲಿ ಸತ್ಯಾಂಶ ಇದೆಯೇ?

ಉತ್ತರ: ಸತ್ಯಾಂಶ ಇದೆ. ಆದರೆ ಒಂದು ಚಮಚದಷ್ಟಿರುವ ಸತ್ಯಕ್ಕೆ ಒಂದು ಕೊಡ ನೀರು ಬೆರೆಸಿ ನಿಮಗೆ ಕಳುಹಿಸಿದ್ದಾರೆ. ಎರಡು ವಾರದಲ್ಲಿ ವ್ಯತ್ಯಾಸ ಕಾಣದಿರುವುದು ಸಹಜವೇ, ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಸುಡುವುದು ಏನು ಎಂಬುದನ್ನು ನೋಡೋಣ. ಬಿಸಿಲಿನಲ್ಲಿ ಮೈಗೆ ತಾಗುವ ಝಳ ಒಂದು, ಕಣ್ಣಿಗೂ ಕಾಣದ ಮೈಗೂ ತಿಳಿಯದ ಅತಿನೇರಳೆ ಕಿರಣ ಇನ್ನೊಂದು. ಚರ್ಮವನ್ನು ಸುಡುವುದು ಎರಡನೆಯದು. ಅದರಲ್ಲೂ 280ರಿಂದ 315 ನ್ಯಾನೊಮೀಟರ್ ತರಂಗಾಂತರದ ಯುವಿ-ಬಿ ಕಿರಣಗಳು ಚರ್ಮದ ಮೇಲ್ಪದರದ ಜೀವಕೋಶಗಳ ಡಿಎನ್‌ಎಗೆ ನೇರವಾಗಿ ಪೆಟ್ಟು ಕೊಡುತ್ತವೆ, ಆ ಪೆಟ್ಟಿಗೆ ದೇಹ ಪ್ರತಿಕ್ರಿಯಿಸಿ ರಕ್ತನಾಳಗಳು ಹಿಗ್ಗುತ್ತವೆ, ಜಾಗ ಕೆಂಪಾಗಿ ಬಿಸಿಯೇರಿ ಉರಿಯುತ್ತದೆ. ಇದೆಲ್ಲ ನಡೆಯಲು ಕೆಲವು ಗಂಟೆಗಳು ಬೇಕು. ಮಧ್ಯಾಹ್ನ ಶಾಲೆಯಿಂದ ಹೊರಟಾಗ ಏನೂ ಅನ್ನಿಸದೆ, ರಾತ್ರಿ ಮಲಗುವ ಹೊತ್ತಿಗೆ ಕೈ ಉರಿಯುವುದು ಅದಕ್ಕೇ. ಉರಿ ಉಲ್ಬಣಿಸುವುದು 12ರಿಂದ 24 ಗಂಟೆಗಳ ನಡುವೆ. ಕಿರಣ ಬಿದ್ದಾಗ ಚರ್ಮದೊಳಗೆ ಹುಟ್ಟುವ ಉಗ್ರ ಆಮ್ಲಜನಕ ಕಣಗಳನ್ನು ಶಮನಗೊಳಿಸುವ ಶಕ್ತಿ ಕೆಲವು ಸಸ್ಯವರ್ಣಗಳಿಗಿದೆ. ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್, ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕೆರೋಟಿನ್ ಅಂಥವು. ಊಟದ ಮೂಲಕ ರಕ್ತಕ್ಕೆ ಸೇರಿ, ಅಲ್ಲಿಂದ ಮೆಲ್ಲಗೆ ಚರ್ಮದಲ್ಲಿ ಇವು ಸಂಗ್ರಹವಾಗುತ್ತವೆ ಎಂಬುದರ ಬಗ್ಗೆ ಸಂದೇಹವಿಲ್ಲ.

ಸಂಗ್ರಹವಾದದ್ದರಿಂದ ಪ್ರಯೋಜನ ಎಷ್ಟು ಎಂಬುದನ್ನು ಜರ್ಮನಿಯ ಡಸೆಲ್‌ಡಾರ್ಫ್ ವಿಶ್ವವಿದ್ಯಾಲಯದ ವಿಲ್ಹೆಲ್ಮ್ ಸ್ಟಾಲ್, ಹೆಲ್ಮುಟ್ ಸೀಸ್ ಮತ್ತು ಸಂಗಡಿಗರು 2001ರಲ್ಲಿ ಪರೀಕ್ಷಿಸಿದರು. ಸ್ವಯಂಸೇವಕರ ಒಂದು ತಂಡಕ್ಕೆ ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು 10 ಗ್ರಾಂ ಆಲಿವ್ ಎಣ್ಣೆಯೊಂದಿಗೆ ಕೊಟ್ಟರು, ಇನ್ನೊಂದು ತಂಡಕ್ಕೆ ಬರೀ ಎಣ್ಣೆ. ಆಗಾಗ ಬೆನ್ನಿನ ಮೇಲೆ ಅಳತೆಮಾಡಿದ ಅತಿನೇರಳೆ ಬೆಳಕು ಹಾಯಿಸಿ ಚರ್ಮ ಎಷ್ಟು ಕೆಂಪಾಗುತ್ತದೆಂದು ಉಪಕರಣದಿಂದ ಅಳೆದರು. ನಾಲ್ಕನೆಯ ವಾರದಲ್ಲಿ ಎರಡು ತಂಡಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹತ್ತನೆಯ ವಾರಕ್ಕೆ ಟೊಮೆಟೊ ತಿಂದವರ ಚರ್ಮ ಉಳಿದವರಿಗಿಂತ ಸುಮಾರು ಶೇ 40ರಷ್ಟು ಕಡಿಮೆ ಕೆಂಪಾಯಿತು. ಹತ್ತು ವಾರ ಎಂಬುದನ್ನು ದಯವಿಟ್ಟು ಗಮನಿಸಿ. ಯುಗಾದಿಗೆ ಬೇವು-ಬೆಲ್ಲ ತಿನ್ನುವಾಗ ಫಲ ಬೇಕಿದ್ದರೆ, ಸಂಕ್ರಾಂತಿಯ ಎಳ್ಳು-ಬೆಲ್ಲದ ಹೊತ್ತಿಗೇ ಟೊಮೆಟೊ ಆರಂಭವಾಗಿರಬೇಕು.

ಆ ಪ್ರಯೋಗದಲ್ಲಿ ಟೊಮೆಟೊ ಜತೆಗೆ ಎಣ್ಣೆ ಏಕೆ ಇತ್ತು ಎಂಬುದನ್ನು ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಟೊಮೆಟೊ ಗೊಜ್ಜಿಗೆ ಮೆಣಸಿನಪುಡಿ ಹಾಕುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ, ಹೆಚ್ಚಿದ ಹಣ್ಣನ್ನು ಒಗ್ಗರಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿ. ಹಣ್ಣು ಕರಗಿ ನೀರು ಇಂಗಿದ ಮೇಲೆ ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಳ್ಳುತ್ತದಲ್ಲ, ಅದರ ಬಣ್ಣ ನೋಡಿ. ಕಿತ್ತಳೆಗೆಂಪಾಗಿರುತ್ತದೆ. ಲೈಕೋಪೀನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ, ಬೇಯಿಸಿದಾಗ ಹಣ್ಣಿನ ಕೋಶಗಳ ಗೋಡೆ ಒಡೆದು ಹೊರಬರುತ್ತದೆ. ಹಸಿ ಟೊಮೆಟೊ ಹೋಳಿಗಿಂತ ಗೊಜ್ಜು ಈ ವಿಷಯದಲ್ಲಿ ಮೇಲು. ಆದರೆ ಪ್ರಮಾಣದ ಲೆಕ್ಕ ಹಾಕಿದರೆ ಉತ್ಸಾಹ ಸ್ವಲ್ಪ ಇಳಿಯುತ್ತದೆ. ಆ 40 ಗ್ರಾಂ ಪೇಸ್ಟಿನಲ್ಲಿ ಸುಮಾರು 16 ಮಿಲಿಗ್ರಾಂ ಲೈಕೋಪೀನ್ ಇತ್ತು. ನಾವು ಸಂತೆಯಲ್ಲಿ ಕೊಳ್ಳುವ ಮಾಗಿದ ಟೊಮೆಟೊದಲ್ಲಿ 100 ಗ್ರಾಮಿಗೆ ಮೂರು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಅಂದರೆ ತಲೆಗೆ ದಿನಕ್ಕೆ ಅರ್ಧ ಕಿಲೋ ಟೊಮೆಟೊ, ಹತ್ತು ವಾರ, ತಪ್ಪದೆ. ಕೆಂಪು ತಿರುಳಿನ ಸೀಬೆಹಣ್ಣು, ಕಲ್ಲಂಗಡಿ, ಕೆಂಪು ಪಪ್ಪಾಯಿಗಳಲ್ಲೂ ಲೈಕೋಪೀನ್ ಇರುವುದರಿಂದ ಭಾರವನ್ನೆಲ್ಲ ಟೊಮೆಟೊ ಒಂದೇ ಹೊರಬೇಕಿಲ್ಲ ಎಂಬುದು ಸಮಾಧಾನ.

ಈಗ ಈ ಪ್ರಯೋಗಗಳ ಮಿತಿ. ಇವೆಲ್ಲ ಕೆಲವೇ ಹತ್ತು ಜನರ ಮೇಲೆ, ಬಹುಪಾಲು ಬಿಳಿ ಚರ್ಮದ ಯುರೋಪಿಯನ್ನರ ಮೇಲೆ, ದೀಪದ ಬೆಳಕಿನಲ್ಲಿ ನಡೆದಂಥವು. ಬಳ್ಳಾರಿಯ ಮಾರ್ಚ್ ತಿಂಗಳ ಮಧ್ಯಾಹ್ನ ಆ ದೀಪವಲ್ಲ. ಫಲಿತಾಂಶಗಳೂ ಎಲ್ಲ ಕಡೆ ಒಂದೇ ದಾರಿ ಹಿಡಿದಿಲ್ಲ. ಗ್ರೀನ್ ಟೀಯ ಕತೆ ನೋಡಿ: 2011ರಲ್ಲಿ ಜರ್ಮನಿಯಲ್ಲಿ 60 ಮಹಿಳೆಯರಿಗೆ 12 ವಾರ ಗ್ರೀನ್ ಟೀ ಸತ್ವ ಕೊಟ್ಟಾಗ ಕೆಂಪು ಶೇ 25ರಷ್ಟು ಇಳಿದಿತ್ತು, 2015ರಲ್ಲಿ ಇಂಗ್ಲೆಂಡಿನಲ್ಲಿ 50 ಜನರಿಗೆ ಅಷ್ಟೇ ಕಾಲ ಕೊಟ್ಟಾಗ ಗಣನೀಯ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ಟೊಮೆಟೊ ಫಲಿತಾಂಶವನ್ನು ನಾನು ನಂಬುತ್ತೇನೆ, ಆದರೆ ಅದರ ಮೇಲೆ ಭಾರ ಹಾಕಿ ನಿಲ್ಲುವುದಿಲ್ಲ. ಶೇ 40ರಷ್ಟು ಕಡಿಮೆ ಎಂದರೆ ಶೇ 60ರಷ್ಟು ಕೆಂಪು ಉಳಿದೇ ಇತ್ತು ಎಂದಲ್ಲವೇ? ಸರಿಯಾಗಿ ಹಚ್ಚಿದ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಯುವಿ-ಬಿಯ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ, ಅದೂ ಹತ್ತು ವಾರ ಕಾಯಿಸದೆ. ನಮ್ಮ ಕಂದು ಚರ್ಮದ ಮೆಲನಿನ್ ಹುಟ್ಟಿನಿಂದಲೇ ಒಂದಷ್ಟು ರಕ್ಷಣೆ ಕೊಡುತ್ತದೆ ಎಂಬುದು ನಿಜ. ಆದರೆ ನಿಮಗೆ ಉರಿ, ಸಿಪ್ಪೆ ಎರಡೂ ಬರುತ್ತಿವೆಯೆಂದರೆ ಆ ರಕ್ಷಣೆಯ ಗಡಿ ದಿನವೂ ದಾಟುತ್ತಿದೆ ಎಂದೇ ಅರ್ಥ.

ಕ್ಯಾರೆಟ್ ರಸದ ಬಗ್ಗೆ ಒಂದು ಮಾತು. ತಿಂಗಳುಗಟ್ಟಲೆ ಕುಡಿದರೆ ಅಂಗೈ, ಅಂಗಾಲು ಹಳದಿಯಾಗಬಹುದು. ಕಾಮಾಲೆಯೆಂದು ಗಾಬರಿಯಾಗಿ ಬಂದವರನ್ನು ನಾನು ನೋಡಿದ್ದೇನೆ. ಕಣ್ಣಿನ ಬಿಳಿಭಾಗ ಬಿಳಿಯಾಗಿಯೇ ಇದ್ದರೆ ಅದು ಕ್ಯಾರೆಟ್ಟಿನ ಬಣ್ಣ, ರಸ ನಿಲ್ಲಿಸಿದರೆ ಹೋಗುತ್ತದೆ. ರಸಕ್ಕಿಂತ ತುಪ್ಪವೋ ಎಣ್ಣೆಯೋ ಬಿದ್ದ ಪಲ್ಯ ಒಳ್ಳೆಯದು, ಹರಿವೆ ಮತ್ತು ನುಗ್ಗೆ ಸೊಪ್ಪುಗಳು ಅಗ್ಗವಾಗಿಯೂ ಸಿಗುತ್ತವೆ.

ನಿಮಗೆ ನಾನು ಹೇಳುವುದಿಷ್ಟು: ಸ್ಕೂಟರ್ ಏರುವಾಗ ಮಣಿಕಟ್ಟಿನವರೆಗೆ ಬರುವ ಒತ್ತು ನೇಯ್ಗೆಯ ತೋಳುಚೀಲ, ಕತ್ತಿನ ಸುತ್ತ ದುಪಟ್ಟಾ ಅಥವಾ ಸೆರಗು, ತೆರೆದ ಜಾಗಕ್ಕೆ ಹೊರಡುವ ಕಾಲು ಗಂಟೆ ಮೊದಲು ಸನ್‌ಸ್ಕ್ರೀನ್. ಮೊಡವೆಗೋ ಸೋಂಕಿಗೋ ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಹೈಡ್ರೋಕ್ಲೋರೋಥಯಾಜೈಡ್ ಇತ್ಯಾದಿ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ಏಕೆಂದರೆ ಇವು ಬಿಸಿಲಿಗೆ ಚರ್ಮವನ್ನು ನಾಜೂಕಾಗಿಸುತ್ತವೆ. ಗೊಜ್ಜನ್ನು ರುಚಿಗಾಗಿ ಮಾಡಿ. ರಕ್ಷಣೆ ಸಿಕ್ಕರೆ ಕೊಸರು.

ಪ್ರಶ್ನೆ: ಹತ್ತು ವಾರ ಅರ್ಧ ಕಿಲೋ ಟೊಮೆಟೊ ತಿನ್ನುವ ಬದಲು ಅದೇ ಸತ್ವದ ಕ್ಯಾಪ್ಸೂಲ್ ನುಂಗಬಹುದಲ್ಲವೇ? ನನ್ನ ವಯಸ್ಸು 52, ಬೆಂಗಳೂರಿನಲ್ಲಿ ಕಟ್ಟಡ ಗುತ್ತಿಗೆದಾರ, ದಿನಕ್ಕೆ ಹತ್ತು ಸಿಗರೇಟು ಸೇದುತ್ತೇನೆ. ಬೀಟಾ ಕೆರೋಟಿನ್ ಇರುವ ‘ಸನ್ ಪ್ರೊಟೆಕ್ಷನ್’ ಮಾತ್ರೆಗಳನ್ನು ಆನ್‌ಲೈನಿನಲ್ಲಿ ನೋಡಿದೆ. (ಮೊದಲ ಪತ್ರಕ್ಕೆ ಈ ಹಿಂದೆ ಚಿಕ್ಕದಾಗಿ ಉತ್ತರಿಸಿದ್ದನ್ನು ಓದಿ ಬರೆದದ್ದು.)

ಉತ್ತರ: ಸಿಗರೇಟಿನ ವಿಷಯವನ್ನು ನೀವಾಗಿಯೇ ತಿಳಿಸಿದ್ದು ಒಳ್ಳೆಯದಾಯಿತು. ನಿಮಗೆ ಈ ಮಾತ್ರೆ ಬೇಡವೇ ಬೇಡ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುತ್ತಿದ್ದ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರ್ ತಡೆಯಬಹುದೆಂಬ ಆಸೆಯಿಂದ ಅವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಕೊಡಲಾಗಿತ್ತು. ಆದದ್ದು ವಿರುದ್ಧ: ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತು. ಎರಡು ವರ್ಷದ ಬಳಿಕ ಅಮೆರಿಕದ ಇನ್ನೊಂದು ದೊಡ್ಡ ಪ್ರಯೋಗವನ್ನು ಇದೇ ಕಾರಣಕ್ಕೆ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಪಲ್ಯದ ಕ್ಯಾರೆಟ್ಟಿನಿಂದ ಇಂಥ ಅಪಾಯವಿಲ್ಲ. ಅದೇ ವಸ್ತುವನ್ನು ಬೇರ್ಪಡಿಸಿ, ಗಟ್ಟಿಯಾಗಿಸಿ, ವರ್ಷಗಟ್ಟಲೆ ಕೊಟ್ಟಾಗ ಅದು ಆಹಾರವಾಗಿ ಉಳಿಯುವುದಿಲ್ಲ.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ನಂಬೌರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ 1,621 ಜನರ ಮೇಲೆ ಸನ್‌ಸ್ಕ್ರೀನ್ ಮತ್ತು ಬೀಟಾ ಕೆರೋಟಿನ್ ಎರಡನ್ನೂ ಒಟ್ಟಿಗೇ ಪರೀಕ್ಷಿಸಿದರು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ 40ರಷ್ಟು ಕಡಿಮೆಯಾಯಿತು, 30 ಮಿಲಿಗ್ರಾಂ ಮಾತ್ರೆಯಿಂದ ಏನೂ ಆಗಲಿಲ್ಲ. 2018ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸನ್‌ಸ್ಕ್ರೀನಿನ ಜಾಗದಲ್ಲಿ ನಿಲ್ಲಬಲ್ಲ ಮಾತ್ರೆ ಯಾವುದೂ ಇಲ್ಲವೆಂದು ಬಹಿರಂಗವಾಗಿ ಎಚ್ಚರಿಸಿ, ಹಾಗೆ ಮಾರುತ್ತಿದ್ದ ಕೆಲವು ಕಂಪನಿಗಳಿಗೆ ನೋಟಿಸನ್ನೂ ಕಳುಹಿಸಿತು. ಇನ್ನೊಂದು ವಿಷಯ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಗಾಳಿ ತಂಪಾಗಿರುವುದರಿಂದ ಬಿಸಿಲು ಸುಡುತ್ತಿಲ್ಲವೆಂದು ಸೈಟಿನಲ್ಲಿ ಬರಿತಲೆಯಲ್ಲಿ ನಿಲ್ಲುತ್ತೇವೆ. ಅತಿನೇರಳೆ ಕಿರಣ ಎತ್ತರದೊಂದಿಗೆ ಹೆಚ್ಚುತ್ತದೆಯೇ ಹೊರತು ತಂಪಿನೊಂದಿಗೆ ತಗ್ಗುವುದಿಲ್ಲ. ಅಗಲ ಅಂಚಿನ ಟೋಪಿ ಕೊಳ್ಳಿ. ಸಿಗರೇಟಿನ ಮಾತು ನಿಮಗೇ ಗೊತ್ತಿದೆ.

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ. ತಂದೆಯವರಿಗೆ 58 ವರ್ಷ, ಹೊಲದ ಕೆಲಸ. ತಾಯಿ ತೀರಿಕೊಂಡ ಮೇಲೆ ಊರಿನಲ್ಲಿ ಒಬ್ಬರೇ ಇರುತ್ತಾರೆ, ಎರಡು ರೊಟ್ಟಿ, ಖಾರ, ಉಪ್ಪಿನಕಾಯಿಯಲ್ಲಿ ದಿನ ಕಳೆಯುತ್ತಾರೆ, ಸಂಜೆ ಕುಡಿತವೂ ಇದೆ. ಎರಡು ತಿಂಗಳಿಂದ ಎರಡೂ ಮುಂಗೈಗಳ ಮೇಲೆ, ಪಾದಗಳ ಮೇಲೆ, ಕತ್ತಿನ ಸುತ್ತ ಚರ್ಮ ಸುಟ್ಟಂತೆ ಕಪ್ಪಾಗಿ ಒರಟಾಗಿದೆ. ಬಿಸಿಲಿಗೆ ಆದದ್ದೆಂದು ಕೊಟ್ಟ ಮುಲಾಮಿನಿಂದ ಗುಣವಾಗಿಲ್ಲ. ಆಗಾಗ ಭೇದಿ ಆಗುತ್ತದೆ, ಮಾತು ಮರೆಯುತ್ತಾರೆ. ಏನು ಹಚ್ಚಬೇಕು?

ಉತ್ತರ: ಹಚ್ಚುವುದನ್ನು ಬಿಟ್ಟು, ಈ ವಾರವೇ ತಂದೆಯವರನ್ನು ಜಿಲ್ಲಾ ಆಸ್ಪತ್ರೆಗೆ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಿರಿ. ಪತ್ರ ಓದಿ ರೋಗ ಹೇಳುವುದು ಸರಿಯಲ್ಲವಾದರೂ, ಇದು ಪೆಲಾಗ್ರ ಇರಬಹುದೆಂದು ನನಗೆ ಬಲವಾದ ಅನುಮಾನವಿದೆ. ಹಾಗೆಂದು ಅಲ್ಲಿನ ವೈದ್ಯರಿಗೆ ಹೇಳಲು ಸಂಕೋಚಪಡಬೇಡಿ.

ಊಟಕ್ಕೂ ಬಿಸಿಲಿಗೂ ಇರುವ ನಿಜವಾದ, ಗಟ್ಟಿಯಾದ ನಂಟು ಇದು. ನಯಾಸಿನ್ ಎಂಬ ಬಿ-3 ಜೀವಸತ್ವ ಕಡಿಮೆಯಾದಾಗ ಪೆಟ್ಟು ತಿಂದ ಜೀವಕೋಶಗಳು ತಮ್ಮನ್ನು ತಾವು ಸರಿಪಡಿಸಿಕೊಳ್ಳಲಾರವು, ಸಾಧಾರಣ ಬಿಸಿಲೂ ಬೆಂಕಿಯಂತೆ ಸುಡುತ್ತದೆ. ನೋಡುವ ಕಣ್ಣಿಗೆ ಗುರುತು ಸ್ಪಷ್ಟ: ಎಡ-ಬಲ ಎರಡೂ ಕಡೆ ಒಂದೇ ತೆರ, ಅಂಗಿಯ ತೋಳು ಮುಗಿದಲ್ಲಿ ಗೆರೆ ಎಳೆದಂತೆ ನಿಂತ ಕಪ್ಪು, ಕತ್ತಿಗೆ ಸರ ಹಾಕಿದಂಥ ಪಟ್ಟಿ. 18ನೆಯ ಶತಮಾನದಲ್ಲಿ ಮೆಕ್ಕೆಜೋಳವನ್ನೇ ತಿಂದು ಬದುಕುತ್ತಿದ್ದ ಸ್ಪೇನಿನ ಬಡರೈತರಲ್ಲಿ ಇದನ್ನು ಮೊದಲು ವಿವರಿಸಿದ ವೈದ್ಯ ಗ್ಯಾಸ್ಪರ್ ಕಸಾಲ್‌ನ ಹೆಸರಿನಿಂದ ಆ ಪಟ್ಟಿಯನ್ನು ಇಂದಿಗೂ ‘ಕಸಾಲ್‌ನ ಸರ’ ಎನ್ನುತ್ತಾರೆ. ಚರ್ಮದ ನಂತರ ಭೇದಿ, ಆಮೇಲೆ ಮರೆವು, ಗೊಂದಲ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಪ್ರಾಣಕ್ಕೇ ಕುತ್ತು.

ನಮ್ಮ ದಖ್ಖನ್ ಪ್ರಸ್ಥಭೂಮಿಗೆ ಈ ರೋಗ ಹೊಸದಲ್ಲ. ಜೋಳವೊಂದನ್ನೇ ಉಣ್ಣುವ ಬಡವರಲ್ಲಿ ಇದು ಕಾಣುತ್ತಿದ್ದುದನ್ನು ಗಮನಿಸಿದ ಹೈದರಾಬಾದಿನ ಪೌಷ್ಟಿಕತೆ ಸಂಶೋಧನಾ ಸಂಸ್ಥೆಯ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವೇ ದೇಹದಲ್ಲಿ ನಯಾಸಿನ್ ತಯಾರಾಗದಂತೆ ತಡೆಯುತ್ತಿರಬಹುದೆಂದು 1960ರಲ್ಲಿ ವಾದಿಸಿದರು. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಆದರೆ ಇದನ್ನು ಓದಿ ಯಾರೂ ರೊಟ್ಟಿ ಬಿಡಬೇಕಾಗಿಲ್ಲ. ಉತ್ತರ ಕರ್ನಾಟಕದ ತುಂಬಿದ ತಟ್ಟೆಯಲ್ಲಿ ರೊಟ್ಟಿ ಒಂಟಿಯಾಗಿ ಎಂದೂ ಕೂತಿಲ್ಲ. ಪಕ್ಕದಲ್ಲಿ ಕಾಳುಪಲ್ಯ, ಜುಣಕ, ಮೊಸರು, ಎಲ್ಲಕ್ಕಿಂತ ಮುಖ್ಯವಾಗಿ ಶೇಂಗಾ ಹಿಂಡಿ ಇರುತ್ತದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ, ವಯಸ್ಕರಿಗೆ ದಿನಕ್ಕೆ ಬೇಕಾದದ್ದು 14ರಿಂದ 16 ಮಿಲಿಗ್ರಾಂ. ಕಾಳು, ಹಾಲು, ಮೊಟ್ಟೆಗಳಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ದೇಹ ತಾನೂ ಒಂದಷ್ಟು ತಯಾರಿಸಿಕೊಳ್ಳುತ್ತದೆ. ನಿಮ್ಮ ತಂದೆಯವರ ತಟ್ಟೆಯಿಂದ ಇವೆಲ್ಲ ಒಂದೊಂದಾಗಿ ಹೋಗಿ ರೊಟ್ಟಿ ಮತ್ತು ಖಾರ ಉಳಿದಿವೆ, ಕುಡಿತ ಸೇರಿದೆ. ಮದ್ಯ ನಯಾಸಿನ್ ಹೀರಿಕೆಯನ್ನೂ ಕೆಡಿಸುತ್ತದೆ. ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ಅದರಿಂದಲೂ ಈ ಕೊರತೆ ಬರಬಹುದು. ಆದರೆ ನೀವಾಗಿಯೇ ಆ ಮಾತ್ರೆ ನಿಲ್ಲಿಸಬೇಡಿ.

ರೋಗ ಇದೇ ಆಗಿದ್ದರೆ ನಯಾಸಿನ್‌ನದೇ ಒಂದು ರೂಪವಾದ ನಿಕೋಟಿನಮೈಡ್ ಮಾತ್ರೆ ಆರಂಭಿಸಿದ ಕೆಲವೇ ದಿನಗಳಲ್ಲಿ ಬಾಯಿ, ಹೊಟ್ಟೆ, ಮನಸ್ಸು ಹತೋಟಿಗೆ ಬರುತ್ತವೆ. ಚರ್ಮಕ್ಕೆ ಕೆಲವು ವಾರ ಬೇಕು. ಅಲ್ಲಿಯವರೆಗೆ ನೆರಳಿನಲ್ಲಿರಲಿ. ಮಾತ್ರೆಯ ಜತೆಗೆ ಅವರ ಊಟಕ್ಕೆ ಒಂದು ವ್ಯವಸ್ಥೆಯಾಗಬೇಕು, ಅದನ್ನು ಆಸ್ಪತ್ರೆ ಮಾಡಲಾರದು.

ಪ್ರಶ್ನೆ: ಮೀನು ತಿನ್ನುವವರಿಗೆ ಬಿಸಿಲು ಕಡಿಮೆ ತಾಗುತ್ತದೆಯೇ? ಕಾರವಾರದಿಂದ ಬರೆಯುತ್ತಿದ್ದೇನೆ. ಬಿಸಿಲಿಗೆ ಹೋದರೆ ನನ್ನ ತೋಳುಗಳ ಮೇಲೆ ತುರಿಕೆಯ ಗುಳ್ಳೆಗಳು ಏಳುತ್ತವೆ.

ಉತ್ತರ: ನಿಮ್ಮದು ಸುಟ್ಟ ಚರ್ಮವಲ್ಲ, ಜನ ‘ಬಿಸಿಲಿನ ಅಲರ್ಜಿ’ ಎನ್ನುವ ತೊಂದರೆ ಇರಬೇಕು. ವಿಚಿತ್ರವೆಂದರೆ ಮೀನೆಣ್ಣೆಯನ್ನು ಪರೀಕ್ಷಿಸಿದ್ದು ನಿಮ್ಮಂಥವರ ಮೇಲೆಯೇ. ಇಂಗ್ಲೆಂಡಿನಲ್ಲಿ 1995ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ದಿನಕ್ಕೆ ಸುಮಾರು ಮೂರು ಗ್ರಾಂ ಒಮೆಗಾ-3 ಇರುವ ಮೀನೆಣ್ಣೆಯನ್ನು ಮೂರು ತಿಂಗಳು ಕೊಟ್ಟಾಗ, ಚರ್ಮ ಕೆಂಪಾಗಲು ಮೊದಲಿಗಿಂತ ಹೆಚ್ಚು ಬೆಳಕು ಬೇಕಾಯಿತು. ಬಂಗುಡೆ, ತಾರ್ಲಿಗಳಲ್ಲಿ ಈ ಕೊಬ್ಬು ಧಾರಾಳವಾಗಿದೆ, ಆದರೂ ದಿನವೂ ಮೂರು ಗ್ರಾಂ ಎಂದರೆ ಮೀನೂಟದ ಊರಿನಲ್ಲೂ ಸ್ವಲ್ಪ ಹೆಚ್ಚೇ. ಸಾರು ಮಾಡಿದ ಮೀನು ಸಾಕು, ಕರಿಯುವುದು ಬೇಡ. ಸಸ್ಯಾಹಾರಿಗಳು ಅಗಸೆಯ ಬಗ್ಗೆ ಕೇಳುತ್ತಾರೆ. ಅದರಲ್ಲಿರುವ ಒಮೆಗಾ-3 ಬೇರೆ ಬಗೆಯದು, ಮೀನಿನ ಬಗೆಗೆ ಅದು ಪರಿವರ್ತನೆಯಾಗುವುದು ಬಹಳ ಅಲ್ಪ. ಗುಳ್ಳೆಗಳನ್ನು ಒಮ್ಮೆ ಚರ್ಮವೈದ್ಯರಿಗೆ ತೋರಿಸಿ.

ಪ್ರಶ್ನೆ: ಬಿಸಿಲಿಗೆ ಹೋಗುವ ಮುನ್ನ ರಾಗಿ ಅಂಬಲಿ ಕುಡಿದು, ಬಂದ ಮೇಲೆ ಕಪ್ಪಾದ ಕಡೆ ನಿಂಬೆಹಣ್ಣು ಉಜ್ಜಿದರೆ ಸರಿಹೋಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಹೀಗೆ ಮಾಡಬಹುದೇ? (ದಾವಣಗೆರೆಯಿಂದ)

ಉತ್ತರ: ಅತ್ತೆಯವರ ಅಂಬಲಿಗೆ ನನ್ನ ಪೂರ್ಣ ಒಪ್ಪಿಗೆ. ಅಂಬಲಿ, ನೀರುಮಜ್ಜಿಗೆ, ಎಳನೀರು, ಕಾಮಕಸ್ತೂರಿ ಬೀಜದ ಪಾನಕ ಇವೆಲ್ಲ ಬೆವರಿನಲ್ಲಿ ಕಳೆದುಕೊಂಡ ನೀರು-ಉಪ್ಪನ್ನು ತುಂಬಿ ಝಳದಿಂದ ಕಾಪಾಡುತ್ತವೆ. ಆದರೆ ಮೇಲೆ ಹೇಳಿದಂತೆ ಝಳ ಬೇರೆ, ಸುಡುವ ಕಿರಣ ಬೇರೆ. ಹೊಟ್ಟೆಯ ತಂಪು ಆ ಕಿರಣವನ್ನು ತಡೆಯುವುದಿಲ್ಲ.

ನಿಂಬೆಹಣ್ಣನ್ನು ಮಾತ್ರ ದಯವಿಟ್ಟು ಉಜ್ಜಬೇಡಿ. ನಿಂಬೆಯಲ್ಲಿ, ವಿಶೇಷವಾಗಿ ಸಿಪ್ಪೆಯಲ್ಲಿ, ಫ್ಯೂರೊಕೌಮರಿನ್ ಎಂಬ ರಾಸಾಯನಿಕಗಳಿವೆ. ತೊನ್ನಿನ ಚಿಕಿತ್ಸೆಗೆ ಹಿಂದಿನಿಂದ ಬಳಸುತ್ತಿರುವ ಬಾಕುಚಿ ಬೀಜದ ಸೋರಾಲೆನ್ ಕೂಡ ಇದೇ ಕುಲದ್ದು. ಚರ್ಮದ ಮೇಲೆ ಇವು ಇರುವಾಗ ಬಿಸಿಲು ಬಿದ್ದರೆ, ಒಂದೆರಡು ದಿನ ಬಿಟ್ಟು ನೀರುಗುಳ್ಳೆ ಎದ್ದು, ಮಾಗಿದ ಮೇಲೆ ಕಂದು ಕಲೆ ಉಳಿಯುತ್ತದೆ. ಕಲೆ ಹೋಗಲು ತಿಂಗಳುಗಳೇ ಬೇಕು. ಒಂದು ರಾಮನವಮಿಯ ನಂತರ ತರುಣರೊಬ್ಬರು ಎರಡೂ ಕೈಗಳಲ್ಲಿ ಬೆರಳ ಸಂದಿಯಿಂದ ಮಣಿಕಟ್ಟಿನವರೆಗೆ ಇಳಿದ ಗೆರೆಗಳಂಥ ಕಲೆ ತೋರಿಸಲು ಬಂದಿದ್ದರು. ಬಿಸಿನೀರು ಬಿದ್ದಿತ್ತೇ ಎಂದು ಕೇಳಿದರೆ ಇಲ್ಲವೆಂದರು. ಗುಡಿಯ ಮುಂದೆ, ಚಪ್ಪರದ ನೆರಳು ತಲುಪದ ಕಡೆ ಕೂತು ಬೆಳಗಿನಿಂದ ಪಾನಕಕ್ಕೆ ನೂರಾರು ನಿಂಬೆಹಣ್ಣು ಹಿಂಡಿದ್ದರಂತೆ. ರಸ ಇಳಿದ ದಾರಿಯೇ ಕಲೆಯ ದಾರಿಯಾಗಿತ್ತು. ನಿಂಬೆ ಹಿಂಡುವ ಕೆಲಸ ನೆರಳಿನಲ್ಲಿ ಆಗಲಿ, ಬಿಸಿಲಿಗೆ ಹೊರಡುವ ಮುನ್ನ ಸೋಪು ಹಚ್ಚಿ ಮೊಣಕೈಯವರೆಗೂ ತೊಳೆಯಿರಿ. ಉಳಿದ ನಿಂಬೆಯನ್ನು ಕೋಸಂಬರಿಗೆ ಹಿಂಡಬಹುದು.